ಅಂಗೈಯಗಲದ ಅಮೂರ್ತ

ಅಮೂರ್ತ ಚಿತ್ರದ ಪೋಸ್ಟ್‌ಕಾರ್ಡ್ ಕೈಗೆ ಬಂದಾಗ ಹೊಸಬರು ಅದನ್ನೇ ಚಿತ್ರವೆಂದು ತಿಳಿದು ಮೆಚ್ಚುವುದೋ ತಿರಸ್ಕರಿಸುವುದೋ ಮಾಡುತ್ತಾರೆ. ಇಲ್ಲದಿದ್ದರೆ ಮ್ಯೂಸಿಯಂ ನೋಡಿಬಂದ ಗುರುತೆಂದು ಪುಸ್ತಕದೊಳಗೆ ಸಿಕ್ಕಿಸಿ ಮರೆಯುತ್ತಾರೆ. ಕಾರ್ಡಿನಿಂದ ಇದಕ್ಕಿಂತ ಹೆಚ್ಚಿನ ಕೆಲಸ ತೆಗೆಯಬಹುದು. ದೊಡ್ಡ ಚಿತ್ರ ಅಂಗೈಗೆ ಇಳಿದಾಗ ಏನು ಉಳಿಯಿತು, ಏನು ಸೋರಿಹೋಯಿತು ಎಂದು ಗಮನಿಸುತ್ತ ಹೋದರೆ, ಆ ಚಿತ್ರ ಯಾವುದರ ಬಲದಿಂದ ನಿಂತಿದೆ ಎಂಬುದು ಹೊಳೆಯತೊಡಗುತ್ತದೆ. ಅಮೂರ್ತ ಚಿತ್ರಗಳಲ್ಲಿ ಇದು ವಿಶೇಷವಾಗಿ ನಿಜ. ರವಿವರ್ಮನ ಶಕುಂತಲೆ ಕ್ಯಾಲೆಂಡರಿಗೆ ಇಳಿದರೂ, ಅದರ ಬಣ್ಣ ಮಾಸಿದರೂ, ಕಾಲಿನ ಮುಳ್ಳಿನ ನೆಪದಲ್ಲಿ ಹಿಂತಿರುಗಿ ನೋಡುವ ಹುಡುಗಿ ಶಕುಂತಲೆಯೇ. ಕಥೆ ಗೊತ್ತಿರುವುದರಿಂದ ಮುದ್ರಣದ ಕೊರತೆಯನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಅಮೂರ್ತ ಚಿತ್ರಕ್ಕೆ ಆ ಆಸರೆಯಿಲ್ಲ. ಅಲ್ಲಿರುವುದು ಅಳತೆ, ಅಂಚು, ಬಣ್ಣ, ಮೈ ಇಷ್ಟೇ. ಇವುಗಳಲ್ಲಿ ಯಾವುದು ಕೈಬಿಟ್ಟರೂ ನಷ್ಟ ನೇರವಾಗಿ ಕಾಣುತ್ತದೆ.

ಆದ್ದರಿಂದ ಮೊದಲು ಕಾರ್ಡಿನ ಬೆನ್ನು ಓದಿ. ಕಲಾವಿದ, ಹೆಸರು, ವರ್ಷ, ಮಾಧ್ಯಮಗಳ ಜೊತೆಗೆ ಒಳ್ಳೆಯ ಕಾರ್ಡುಗಳಲ್ಲಿ ಮೂಲದ ಅಳತೆಯೂ ಇರುತ್ತದೆ. ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ಜಾಕ್ಸನ್ ಪೊಲಾಕನ ‘ಒನ್: ನಂಬರ್ 31, 1950’ ಸುಮಾರು 530 ಸೆಂ.ಮೀ. ಅಗಲವಿದೆ. ಹದಿನೈದು ಸೆಂ.ಮೀ. ಕಾರ್ಡಿಗೆ ಬರಬೇಕಾದರೆ ಅದು 35 ಪಟ್ಟು ಕುಗ್ಗಬೇಕು. ಜ್ಯೂರಿಕ್‌ನಲ್ಲಿರುವ ಪೀಟ್ ಮೋಂಡ್ರಿಯಾನನ 1930ರ ಕೆಂಪು, ನೀಲಿ, ಹಳದಿಗಳ ಚಿತ್ರ ಸುಮಾರು 46 ಸೆಂ.ಮೀ. ಚೌಕ, ಅದು ಐದು ಪಟ್ಟೂ ಕುಗ್ಗುವುದಿಲ್ಲ. ಎರಡೂ ಕಾರ್ಡುಗಳು ಒಂದೇ ಅಳತೆಯವಾದರೂ ಒಂದೇ ಮಟ್ಟದ ಸಾಕ್ಷಿಗಳಲ್ಲ. ಮೋಂಡ್ರಿಯಾನನ ಕಾರ್ಡಿನಲ್ಲಿ ಮೇಲಿನ ದೊಡ್ಡ ಕೆಂಪು ಚೌಕವನ್ನು ಕೆಳಗಿನ ಮೂಲೆಯ ಚಿಕ್ಕ ನೀಲಿ ತೂಗಿ ನಿಲ್ಲಿಸಿರುವುದು ಮುಕ್ಕಾಲು ಪಾಲು ಹಾಗೆಯೇ ಉಳಿದಿರುತ್ತದೆ. ಪೊಲಾಕನ ಕಾರ್ಡಿನಲ್ಲಿ ಎರಚಿದ ಬಣ್ಣದ ಎಳೆಗಳು ಬರೀ ಧೂಳಾಗಿರುತ್ತವೆ. ಬಾರ್ನೆಟ್ ನ್ಯೂಮನ್‌ನ ಗತಿ ಇನ್ನೂ ಕಷ್ಟ. ತನ್ನ ಭಾರಿ ಕ್ಯಾನ್ವಾಸುಗಳನ್ನು ದೂರ ನಿಂತಲ್ಲ, ಹತ್ತಿರದಿಂದಲೇ ನೋಡಬೇಕೆಂದು ಆತ 1951ರ ಪ್ರದರ್ಶನದಲ್ಲಿ ಸೂಚನೆ ಬರೆದು ಹಾಕಿದ್ದ. ಅವನ ಕೆಂಪು ಕ್ಯಾನ್ವಾಸಿನ ಹತ್ತಿರ ನಿಂತವರಿಗೆ ಅದರ ಅಂಚುಗಳು ಕಣ್ಣಳತೆಯ ಆಚೆ ಹೋಗಿಬಿಡುತ್ತವೆ, ಕಾರ್ಡಿನಲ್ಲಿ ನಾಲ್ಕೂ ಅಂಚು ಸದಾ ಕಣ್ಣೆದುರಿಗೇ. ಹಾಗಾಗಿ ಅಲ್ಲಿ ಉಳಿಯುವುದು ಕೆಂಪು ಬಟ್ಟೆಯ ಮೇಲಿನ ಕೆಲವು ಪಟ್ಟಿಗಳು. ಕಾರ್ಡು ನೋಡಿಯೇ ನ್ಯೂಮನ್‌ನನ್ನು ಬದಿಗೆ ಸರಿಸಿದವರು ಬಹಳ.

ಬೆನ್ನು ಓದಿದ ಮೇಲೆ ಕಾರ್ಡನ್ನು ತಿರುಗಿಸಿ ನೋಡಿ. ಮೊದಲು ಅಡ್ಡ, ಆಮೇಲೆ ತಲೆಕೆಳಗು. ಗ್ಯಾಲರಿಯಲ್ಲಿ ಈ ಸ್ವಾತಂತ್ರ್ಯ ಯಾರಿಗೂ ಇಲ್ಲ. ಒಮ್ಮೆ ಮಬ್ಬುಗತ್ತಲಲ್ಲಿ ಗೋಡೆಗೆ ಅಡ್ಡಲಾಗಿ ಒರಗಿಸಿಟ್ಟ ತನ್ನದೇ ಚಿತ್ರವನ್ನು ಗುರುತಿಸಲಾಗದೆ ಬೆರಗಾದದ್ದನ್ನು ಕಾಂಡಿನ್‌ಸ್ಕಿ ಬರೆದಿಟ್ಟಿದ್ದಾನೆ. ವಸ್ತು ಕಾಣದಿದ್ದಾಗಲೇ ಚಿತ್ರ ಚೆಂದ ಕಂಡಿತು ಎಂಬುದು ಅವನ ಅನುಭವ. ಬಣ್ಣದ ಅಂಟುಪಟ್ಟಿಗಳಿಂದ ಮಾಡಿದ ಮೋಂಡ್ರಿಯಾನನ ‘ನ್ಯೂಯಾರ್ಕ್ ಸಿಟಿ 1’ ದಶಕಗಳಿಂದ ತಲೆಕೆಳಗಾಗಿ ತೂಗುತ್ತಿದೆಯೆಂದು 2022ರಲ್ಲಿ ಡ್ಯೂಸೆಲ್‌ಡೋರ್ಫಿನ ಕ್ಯುರೇಟರ್ ಸುಸಾನೆ ಮೇಯರ್-ಬ್ಯೂಸರ್ ವಾದಿಸಿದರು. ತಿರುಗಿಸಿದರೆ ಪಟ್ಟಿಗಳು ಕಿತ್ತುಬರಬಹುದೆಂದು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಹೇಗಿಟ್ಟರೂ ಒಂದೇ ಅಲ್ಲವೇ, ಹಾಗಾದರೆ ಇದೆಂಥ ಕಲೆ ಎಂದು ಕೇಳುವವರಿಗೆ ಈ ಸುದ್ದಿ ಹಬ್ಬವಾಗಿತ್ತು. ಉತ್ತರ ಆ ಚಿತ್ರದ ಕಾರ್ಡಿನಲ್ಲೇ ಇದೆ. ಒಂದು ಅಂಚಿನಲ್ಲಿ ಪಟ್ಟಿಗಳು ದಟ್ಟವಾಗಿ ಸೇರಿವೆ. ಆ ದಟ್ಟಣೆ ಕೆಳಗಿದ್ದರೆ ಚಿತ್ರ ನೆಲಕ್ಕೆ ಕೂರುತ್ತದೆ, ಮೇಲಿದ್ದರೆ ತೂಗಾಡುತ್ತದೆ. ಎರಡು ಕ್ಷಣದಲ್ಲಿ ಈ ವ್ಯತ್ಯಾಸ ಗೊತ್ತಾದರೆ, ಹೇಗಿಟ್ಟರೂ ಒಂದೇ ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ನಮ್ಮ ದೇಶದ ಇಬ್ಬರನ್ನು ಅಕ್ಕಪಕ್ಕ ಇಟ್ಟರೆ ಪಾಠ ಇನ್ನೂ ಸ್ಪಷ್ಟ. ಎಸ್.ಎಚ್. ರಝಾ 1922ರಲ್ಲಿ ಹುಟ್ಟಿದವರು, ವಿ.ಎಸ್. ಗಾಯ್ತೊಂಡೆ 1924ರಲ್ಲಿ. ರಝಾ ಅವರ ಕಪ್ಪು ಬಿಂದು, ಅದರ ಸುತ್ತಲ ತ್ರಿಕೋನ ಮತ್ತು ಪಟ್ಟಿಗಳು ಅಂಚೆಚೀಟಿಯಷ್ಟಾದರೂ ಬಿಗಿ ಕಳೆದುಕೊಳ್ಳುವುದಿಲ್ಲ. ಅವರ ಬಲ ವಿನ್ಯಾಸದಲ್ಲಿದೆ. ಗಾಯ್ತೊಂಡೆಯವರು ರೋಲರಿನಿಂದ, ಪ್ಯಾಲೆಟ್ ಚಾಕುವಿನಿಂದ ಬಣ್ಣದ ಪದರಗಳನ್ನು ಹರಡಿ, ಕೆರೆದು, ಮತ್ತೆ ಹರಡಿ ಕಟ್ಟಿದವರು. ಪದರಗಳ ನಡುವೆ ಸಿಕ್ಕಿಕೊಂಡ ಬೆಳಕು ಕಾಗದಕ್ಕೆ ಬರುವುದಿಲ್ಲ. ಇದರಿಂದ ರಝಾ ಹೆಚ್ಚು, ಗಾಯ್ತೊಂಡೆ ಕಡಿಮೆ ಎಂದಾಗುವುದಿಲ್ಲ. ಕಾರ್ಡಿನಲ್ಲಿ ಬಡವಾಗಿ ಕಂಡ ಚಿತ್ರವೇ ಎದುರಿಗೆ ಹೋಗಿ ನೋಡಬೇಕಾದ ಚಿತ್ರ ಎಂಬ ಅನುಮಾನವನ್ನಾದರೂ ಇಟ್ಟುಕೊಳ್ಳಬೇಕು.

ಕಾರ್ಡಿನಲ್ಲಿ ಬಣ್ಣವೇ ಸುಳ್ಳಾದ ಮೇಲೆ ಇನ್ನೇನು ಉಳಿಯಿತು ಎಂಬುದು ಗಟ್ಟಿಯಾದ ಆಕ್ಷೇಪ. ಭೂತಗನ್ನಡಿ ಹಿಡಿದರೆ ಆಕ್ಷೇಪ ಇನ್ನಷ್ಟು ಗಟ್ಟಿಯಾಗುತ್ತದೆ: ಸಾಮಾನ್ಯ ಆಫ್‌ಸೆಟ್ ಕಾರ್ಡಿನಲ್ಲಿರುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳ ಚುಕ್ಕಿಗಳು. ಈವ್ ಕ್ಲೈನ್‌ನ ಉಜ್ವಲ ನೀಲಿ ಆ ನಾಲ್ಕರ ಮಿಶ್ರಣಕ್ಕೆ ನಿಲುಕುವುದಿಲ್ಲ. 1957ರ ಪ್ಯಾರಿಸ್ ಪ್ರದರ್ಶನದ ಆಮಂತ್ರಣ ಕಾರ್ಡುಗಳಿಗೆ ಆತ ತನ್ನದೇ ನೀಲಿಯ ಅಂಚೆಚೀಟಿ ಅಂಟಿಸಿ ಕಳಿಸಿದ, ಚಿತ್ರದ ನಕಲನ್ನು ನೆಚ್ಚಲಿಲ್ಲ. ಆದರೆ ಬಣ್ಣವನ್ನು ಒಂಟಿಯಾಗಿ ತೂಗುವುದೂ ಸರಿಯಲ್ಲ. ಒಂದೇ ಬಣ್ಣ ನೆರೆ ಬದಲಾದರೆ ಬೇರೆಯಾಗಿ ಕಾಣುತ್ತದೆಂದು ಜೋಸೆಫ್ ಆಲ್ಬರ್ಸ್ ಬಣ್ಣದ ಕಾಗದಗಳನ್ನು ಇಟ್ಟುಕೊಂಡೇ ಕಲಿಸಿದ. ಕೆಂಪು ತುಸು ಕಂದಿದರೂ ಬೂದು ಬಣ್ಣದ ಪಕ್ಕ ಅದು ಮುಂದೆ ಬರುವುದು ನಿಲ್ಲುವುದಿಲ್ಲ. ಕಾರ್ಡಿನಲ್ಲಿ ಅಷ್ಟನ್ನು ನಂಬಬಹುದು. ಎಲ್ಲೆಡೆ ಅಲ್ಲ. ಆಡ್ ರೈನ್‌ಹಾರ್ಟ್‌ನ ಕಪ್ಪು ಚಿತ್ರಗಳಲ್ಲಿ ಒಂದಕ್ಕೊಂದು ಬಲು ಸಮೀಪದ ಕಪ್ಪುಗಳ ಚೌಕಗಳಿವೆ, ಎದುರು ನಿಂತು ಕಣ್ಣು ಹೊಂದಿಕೊಂಡ ಮೇಲೆ ಶಿಲುಬೆಯಾಕಾರ ಮೂಡುತ್ತದೆ. ಕಾರ್ಡಿನಲ್ಲಿ ಎಷ್ಟು ಹೊತ್ತು ಕಾದರೂ ಶಾಯಿಯೇ.

ನಕಲಿನಲ್ಲಿ ಮೂಲದ ಪ್ರಭೆ ಬಾಡುತ್ತದೆಂಬ ವಾಲ್ಟರ್ ಬೆನ್ಯಾಮಿನನ ಮಾತನ್ನು ಇಲ್ಲಿ ತಳ್ಳಿಹಾಕುವ ಅಗತ್ಯವಿಲ್ಲ. ಇಷ್ಟು ಹೊತ್ತು ಲೆಕ್ಕ ಹಾಕಿದ್ದು ಆ ಬಾಡುವಿಕೆಯನ್ನೇ. ಆದರೆ ಕಾರ್ಡು ಅಮೂರ್ತಕ್ಕೆ ಪರಕೀಯವೆಂದು ಯಾರಾದರೂ ಹೇಳಿದರೆ 1923ರ ವೈಮಾರ್ ನೆನಪಿಸಬೇಕು. ಬೌಹೌಸ್ ಶಾಲೆಯ ಪ್ರದರ್ಶನದ ಪ್ರಚಾರಕ್ಕಾಗಿ ಕಾಂಡಿನ್‌ಸ್ಕಿ, ಕ್ಲೇ ಮುಂತಾದವರು ಕಾರ್ಡಿನ ಅಳತೆಗೇ ಚಿತ್ರ ರಚಿಸಿ ಶಿಲಾಮುದ್ರಣದಲ್ಲಿ 20 ಕಾರ್ಡುಗಳನ್ನು ತಂದರು. ಅಲ್ಲಿ ಕುಗ್ಗಿಸುವ ಪ್ರಶ್ನೆಯೇ ಇರಲಿಲ್ಲ. ಕಾರ್ಡುಗಳಿಂದಾಗಿ ಅಮೂರ್ತ ಕಲೆ ಗೋಡೆಯ ಅಲಂಕಾರಕ್ಕೆ ಇಳಿಯಿತೆಂಬ ದೂರು ಮಾತ್ರ ಅರ್ಧ ನಿಜ. ಚಿತ್ರಕಾರ ರಾತ್ಕೋನಂಥವನಿಗೆ ಆ ಅನ್ಯಾಯ ಆಗಿದೆ, ಕಾರ್ಡಿಗೆಂದೇ ರಚಿಸಿದ ಬೌಹೌಸ್ ಚಿತ್ರಗಳಿಗಲ್ಲ.

ಫೋನಿನಲ್ಲೇ ದೊಡ್ಡದು ಮಾಡಿ ನೋಡಬಹುದಲ್ಲ ಎಂಬುದು ಈಗಿನವರ ಪ್ರಶ್ನೆ. ಬಣ್ಣದ ಮೈ, ಬಿರುಕು ನೋಡುವುದಕ್ಕೆ ಫೋನೇ ಮೇಲು, ಸಂಶಯವಿಲ್ಲ. ಆದರೆ ಹಿಗ್ಗಿಸುತ್ತ ಕುಗ್ಗಿಸುತ್ತ ಹೋದರೆ ಅಳತೆಯ ನೆಲೆಯೇ ತಪ್ಪುತ್ತದೆ, ಅಂಚುಗಳು ಕೈಬಿಡುತ್ತವೆ. ಮೋಂಡ್ರಿಯಾನನ ಕಾರ್ಡಿಗೆ ಮರಳಿ. ಕೆಳಮೂಲೆಯ ನೀಲಿಯನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಚಿತ್ರ ಕೆಂಪಿನ ಕಡೆಗೆ ವಾಲುತ್ತದೆ, ತೆಗೆದರೆ ಮತ್ತೆ ಸರಿಯಾಗುತ್ತದೆ. ಫೋನಿನ ಮೇಲೆ ಹೆಬ್ಬೆರಳಿಟ್ಟರೆ ಚಿತ್ರವೇ ಸರಿದುಹೋಗುತ್ತದೆ.