ಕೋಡುಗಲ್ಲಿಲ್ಲದ ಗಿಡುಗ

ಫೋಟೊ ಎದುರಿಗಿಟ್ಟುಕೊಂಡು ಅಕ್ರಿಲಿಕ್‌ನಲ್ಲಿ ಬೇಟೆಹಕ್ಕಿ ಬರೆಯುವ ಹವ್ಯಾಸಿಗಳ ಬಗ್ಗೆ ನನಗೆ ಗೌರವವಿದೆ, ಅವರು ಆಯ್ದುಕೊಳ್ಳುವ ಹಕ್ಕಿಯ ಬಗ್ಗೆ ತಕರಾರಿದೆ. ಬಿಳಿ ತಲೆ, ಹಳದಿ ಕೊಕ್ಕು, ಹಿಂದೆ ನೀಲಿ ಮಸುಕು: ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಬಾಲ್ಡ್ ಈಗಲ್. ಉತ್ತರ ಅಮೆರಿಕದ ಆಚೆ ಅದಕ್ಕೆ ನೆಲೆಯಿಲ್ಲ. ಚಿತ್ರದುರ್ಗದಲ್ಲಿ ಕೂತವರೂ ಅದನ್ನೇ ಬರೆಯಬೇಕೆ? ಹಿರಿಯೂರಿನ ವಾಣಿವಿಲಾಸ ಸಾಗರದ ಹಿನ್ನೀರಿಗೆ ಹೋದರೆ ಇಟ್ಟಿಗೆ ಬಣ್ಣದ ಗರುಡ ಇದೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಕೊಯ್ಲಾದ ಹೊಲಗಳ ಮೇಲೆ ಕೆಂಗಣ್ಣಿನ ಪುಟ್ಟ ಕರಿರೆಕ್ಕೆಯ ಹದ್ದು ಇಲಿಗಾಗಿ ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ಕುರುಚಲು ಗುಡ್ಡಗಳಿಗೆ ಹಾವುಗಿಡುಗವಿದೆ.

ಹಾವುಗಿಡುಗವನ್ನೇ ತೆಗೆದುಕೊಳ್ಳಿ. ಗೂಬೆಯಂಥ ದಪ್ಪ ತಲೆ, ಹಳದಿ ಕಣ್ಣು, ಬಿಳಿಚು ಹೊಟ್ಟೆಯ ಮೇಲೆ ಕಂದು ಪಟ್ಟೆ. ಬಿಸಿಲಲ್ಲಿ ತೆಗೆದ ಫೋಟೊದಲ್ಲಿ ಆ ಹೊಟ್ಟೆ ಸುಟ್ಟು ಬರೀ ಬಿಳಿಯಾಗಿರುತ್ತದೆ, ರೆಕ್ಕೆಯಡಿಯ ನೆರಳು ಬರೀ ಕಪ್ಪು. ಕಣ್ಣಿಗೆ ಹಾಗೆ ಕಾಣುವುದಿಲ್ಲ. ಕೆಂಪು ನೆಲದಿಂದ ಪುಟಿದ ಬೆಳಕು ಕೆಳಗಿನ ಗರಿಗಳಿಗೆ ತೆಳುವಾದ ಕಾವಿ ಹಚ್ಚಿರುತ್ತದೆ. ಚೌಕುಳಿ ಹಾಕಿ ಅಳತೆ ತಪ್ಪದಂತೆ ನಕಲು ತೆಗೆಯುವವರು ಕ್ಯಾಮೆರಾದ ಕುರುಡನ್ನೂ ಸೇರಿಸಿಯೇ ನಕಲು ಮಾಡುತ್ತಾರೆ. ಗರಿಗಳ ಲೆಕ್ಕ ಸರಿಯಿರುತ್ತದೆ, ಹಕ್ಕಿಗೆ ಮೈಭಾರವೇ ಇರುವುದಿಲ್ಲ.

ಅಕ್ರಿಲಿಕ್‌ನ ಸ್ವಭಾವವೂ ಇದಕ್ಕೆ ಕುಮ್ಮಕ್ಕು. ತೆಳುವಾಗಿ ಬಳಿದರೆ ನಿಮಿಷಗಳಲ್ಲಿ ಒಣಗುತ್ತದೆ. ದುರ್ಗದ ಬೇಸಿಗೆಯ ಒಣಗಾಳಿಯಲ್ಲಿ ಇನ್ನೂ ಬೇಗ. ಎರಡು ಬಣ್ಣವನ್ನು ಕ್ಯಾನ್ವಾಸಿನ ಮೇಲೇ ಬೆರೆಸುವಷ್ಟು ಹೊತ್ತು ಸಿಗದೆ, ಅಂಚುಗಳೆಲ್ಲ ಗಡುಸಾಗುತ್ತವೆ. ಹಸಿಯಿದ್ದಾಗ ಹಾಲಿನಂತಿರುವ ಅಂಟು ಒಣಗಿ ಪಾರದರ್ಶಕವಾಗುವುದರಿಂದ ಬಣ್ಣ ಒಂದಿಷ್ಟು ಕಪ್ಪಿಡುವುದೂ ಉಂಟು. ಇದನ್ನೇ ಅನುಕೂಲ ಮಾಡಿಕೊಳ್ಳುವ ದಾರಿಯಿದೆ: ಮೊದಲು ಹಕ್ಕಿಯ ಒಟ್ಟು ಆಕಾರವನ್ನು ನಡುಬಣ್ಣದಲ್ಲಿ ಕೂರಿಸಿ, ಒಣಗಿದ ಮೇಲೆ ನೀರಾದ ಪದರಗಳನ್ನು ಒಂದರ ಮೇಲೊಂದು ಹಾಯಿಸಿ, ಬೆಳಕು ಬಿದ್ದ ಕೆಲವೇ ಗರಿಗಳನ್ನು ಕೊನೆಗೆ ಎತ್ತುವುದು. ಎಲ್ಲ ಗರಿಗೂ ಒಂದೇ ಮರ್ಯಾದೆ ಕೊಟ್ಟ ಚಿತ್ರ ನನಗೆ ರುಚಿಸದು.

ಕಣ್ಣಿನದು ಬೇರೆಯೇ ಕಥೆ. ಹದ್ದು, ಗಿಡುಗಗಳ ಹುಬ್ಬಿನ ಜಾಗದಲ್ಲಿ ಮೂಳೆಯ ಏಣು ಮುಂಚಾಚಿರುತ್ತದೆ. ನಾವು ಕೋಪವೆನ್ನುವುದು ಆ ಏಣಿನ ಆಕಾರ ಮತ್ತು ನೆರಳು, ಅಷ್ಟೇ. ಬಹಳಷ್ಟು ಚಿತ್ರಕಾರರು ಅದನ್ನು ಗಾಢಮಾಡಿ ಹಕ್ಕಿಯನ್ನು ಸಿನಿಮಾ ಖಳನಾಯಕನಾಗಿಸುತ್ತಾರೆ.

ಹಿನ್ನೆಲೆಗೆ ಬಂದರೆ ನಿರಾಸೆ ಇನ್ನೂ ಹೆಚ್ಚು. ಅಮೆರಿಕದ ಹಕ್ಕಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ 1833ರಲ್ಲಿ ಬಾಸ್ಟನ್‌ನಲ್ಲಿ ಜೀವಂತ ಗೋಲ್ಡನ್ ಈಗಲ್ ಒಂದನ್ನು ಕೊಂಡು, ಕೊಂದು, ತಂತಿ ಕಟ್ಟಿ ನಿಲ್ಲಿಸಿ ಬರೆದ. ಆ ಕ್ರೌರ್ಯದಿಂದ ನಮ್ಮನ್ನು ಪಾರುಮಾಡಿದ್ದು ಫೋಟೊ. ಅದರ ಋಣ ದೊಡ್ಡದು. ಆದರೂ ಆಡುಬಾನನ ಚಿತ್ರದಲ್ಲಿ ಹಿಮದ ಬೆಟ್ಟವಿದೆ, ಕೊರಕಲಿನ ಮೇಲೆ ಮರದ ದಿಮ್ಮಿ ದಾಟುತ್ತಿರುವ ಸಣ್ಣ ಮನುಷ್ಯನಿದ್ದಾನೆ. ನಮ್ಮವರ ಚಿತ್ರದಲ್ಲಿ ಟೆಲಿಫೋಟೊ ಲೆನ್ಸಿನ ಮಸುಕು ಮಾತ್ರ. ದುರ್ಗದ ಕೋಟೆಯ ಕೋಡುಗಲ್ಲಿಲ್ಲ, ಜೋಗಿಮಟ್ಟಿ ಗುಡ್ಡದ ಇಳಿಜಾರಿಲ್ಲ. ಗುಡ್ಡಗಳ ನೆತ್ತಿಯ ಗಾಳಿಯಂತ್ರಗಳಂತೂ ಇಲ್ಲವೇ ಇಲ್ಲ. ಅವುಗಳ ನಡುವೆಯೇ ಹಾರಬೇಕಾದ ಹಕ್ಕಿಯನ್ನು ಬರೆಯುವಾಗ ಅವು ಅಂದಗೆಡಿಸುತ್ತವೆಂದು ಅಳಿಸುವುದು ಸುಳ್ಳು ಹೇಳಿದಂತೆ.

ಇನ್ನೊಂದು ವಿಷಯ. ಫೋಟೊ ತೆಗೆದವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಕ್ಕಿದೆ, ಆದ್ದರಿಂದ ಅದನ್ನು ಚಿತ್ರವಾಗಿಸಿ ಮಾರುವ ಮುನ್ನ ಅನುಮತಿ ಕೇಳಬೇಕು. ಕೇಳುವಾಗ ಪ್ರಕಟವಾದ ಒಂದು ಫೋಟೊ ಸಾಲದು. ಅದರ ಹಿಂದುಮುಂದಿನ ಕ್ಷಣಗಳ ಫೋಟೊಗಳನ್ನೂ ಕೇಳಿ ಪಡೆಯುವುದು ಜಾಣತನ. ತುದಿಗರಿಗಳು ಗಾಳಿಗೆ ಎಷ್ಟು ಬಾಗುತ್ತವೆ, ಬಾಲ ಯಾವಾಗ ಬಿಚ್ಚಿಕೊಳ್ಳುತ್ತದೆ ಎಂಬುದೆಲ್ಲ ಚೆನ್ನಾಗಿಲ್ಲವೆಂದು ಬದಿಗಿಟ್ಟ ಆ ಫೋಟೊಗಳಲ್ಲೇ ಸಿಗುತ್ತದೆ.