ಕರ್ತೃಪದವನ್ನು ಹುಡುಕುವ ಪ್ರಶ್ನೆ

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಶಾಸನಸಭೆಯ ಪ್ರಶ್ನೋತ್ತರಗಳ ವಿಚಾರ ಎತ್ತಿದರೆ ಕೆಲವರು ಮೂಗು ಮುರಿಯಬಹುದು. ಗದ್ಯವೆಂದರೆ ಕತೆ, ಕಾದಂಬರಿ, ಪ್ರಬಂಧ, ಹೆಚ್ಚೆಂದರೆ ಜೀವನಚರಿತ್ರೆ ಎಂದು ತರಗತಿಯಲ್ಲಿ ಪಾಠ ಹೇಳುವವರಲ್ಲಿ ನಾನೂ ಒಬ್ಬ. ಆದರೆ ಜನರ ಬಾಳನ್ನು ನೇರವಾಗಿ ತಟ್ಟುವ ಗದ್ಯ ಯಾವುದೆಂದು ನನ್ನನ್ನೇ ಕೇಳಿಕೊಂಡರೆ ಕಾದಂಬರಿಯ ಹೆಸರು ಮೊದಲು ನಾಲಗೆಗೆ ಬರುವುದಿಲ್ಲ. ಸದನದ ಸದಸ್ಯನೊಬ್ಬ ಮಂತ್ರಿಗೆ ಹಾಕಿದ ಪ್ರಶ್ನೆ, ಮಂತ್ರಿ ಅದಕ್ಕೆ ಕೊಟ್ಟ ಉತ್ತರ, ಇವೆರಡೂ ಒಟ್ಟಿಗೆ ಅಚ್ಚಾಗಿ ಬರುವ ಆ ಒಣಗದ್ಯವೇ ನೆನಪಾಗುತ್ತದೆ. ಅದನ್ನು ನಮ್ಮ ವಿಮರ್ಶಕರು ಓದುವುದಿಲ್ಲ. ಓದಬೇಕೆಂಬುದು ನನ್ನ ಅರಿಕೆ.

ನನಗೆ ಈ ಗದ್ಯದ ಪರಿಚಯವಾದದ್ದು ನಮ್ಮೂರಿನ ಹಳ್ಳದ ದೆಸೆಯಿಂದ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ದಡದ ಮಕ್ಕಳಿಗೆ ಶಾಲೆಯಿಲ್ಲ, ಬಸುರಿ ಹೆಂಗಸರಿಗೆ ಆಸ್ಪತ್ರೆಯಿಲ್ಲ. ಊರವರು ಅರ್ಜಿ ಕೊಟ್ಟು ಸಾಕಾಗಿ ಕೊನೆಗೆ ಶಾಸಕರನ್ನು ಹಿಡಿದರು. ಅವರು ಸದನದಲ್ಲಿ ಪ್ರಶ್ನೆ ಹಾಕಿದರು. ಉತ್ತರದ ಪ್ರತಿ ಊರಿಗೆ ಬಂತು. ಸೇತುವೆಯಿಲ್ಲದೆ ಜನರಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಪ್ರಸ್ತಾವನೆಯನ್ನು ಪರಿಶೀಲಿಸಲಾಗುತ್ತಿದೆ. ಕಾಮಗಾರಿಯನ್ನು ಯಾವಾಗ ಪ್ರಾರಂಭಿಸಲಾಗುವುದು? ಪ್ರಶ್ನೆ ಉದ್ಭವಿಸುವುದಿಲ್ಲ.

ನಮ್ಮ ತಂದೆಯವರು ಆ ಹಾಳೆಯನ್ನು ಎರಡು ಸಲ ಓದಿಸಿಕೊಂಡು ಕೇಳಿದರು: “ಉದ್ಭವಲಿಂಗ ಗೊತ್ತು ಕಣೋ. ಈ ಉದ್ಭವಿಸದ ಪ್ರಶ್ನೆ ಅಂದರೆ ಯಾವುದಪ್ಪ? ನಾವು ಕೇಳಿದ್ದೇವಲ್ಲ!”

ಆಗ ನಗು ಬಂತು. ಆಮೇಲೆ ಯೋಚಿಸಿದಾಗ, ಅವರು ಆಡಿದ್ದು ಅಪ್ಪಟ ವಿಮರ್ಶೆಯ ಮಾತೆಂದು ತಿಳಿಯಿತು. ಕೇಳಿದವನು ಎದುರಿಗೇ ಇರುವಾಗ ಪ್ರಶ್ನೆ ಹುಟ್ಟಿಯೇ ಇಲ್ಲವೆಂದು ಹೇಳಬಲ್ಲ ಗದ್ಯ ಸಾಮಾನ್ಯವಾದುದಲ್ಲ. ‘ಪರಿಶೀಲಿಸಲಾಗುತ್ತಿದೆ’ ಎಂಬ ಪದವನ್ನೇ ನೋಡಿ. ಪರಿಶೀಲಿಸುತ್ತಿರುವವರು ಯಾರು? ‘ಕ್ರಮ ಕೈಗೊಳ್ಳಲಾಗುವುದು.’ ಕೈಗೊಳ್ಳುವ ಕೈ ಯಾರದು? ವಾಕ್ಯದಲ್ಲಿ ಕರ್ಮವಿದೆ, ಕ್ರಿಯೆಯಿದೆ, ಕರ್ತೃ ಮಾತ್ರ ಇಲ್ಲ. ಕರ್ಮಣಿಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದೆಂದು ನಾವು ವ್ಯಾಕರಣದ ಪಾಠದಲ್ಲಿ ಹೇಳುತ್ತೇವೆ. ನಮ್ಮ ಹಳ್ಳಿಯಲ್ಲಿ ಯಾರೂ ‘ಹಸುವಿಗೆ ಹುಲ್ಲು ಹಾಕಲಾಯಿತು’ ಎನ್ನುವುದಿಲ್ಲ. ‘ಹಾಕಿದೆ’ ಎನ್ನುತ್ತಾರೆ, ಇಲ್ಲವೇ ‘ಅವಳು ಹಾಕಿದಳು’ ಎನ್ನುತ್ತಾರೆ. ಜನ ಬಳಸದ ಈ ಪ್ರಯೋಗಕ್ಕೆ ಕಚೇರಿಯಲ್ಲಿ ಇಷ್ಟು ಮರ್ಯಾದೆ ಏಕೆಂಬುದು ಬರಿಯ ವ್ಯಾಕರಣದ ವಿಷಯವಲ್ಲ. ಮಾಡಿದವನ, ಮಾಡಬೇಕಾದವನ ಹೆಸರನ್ನು ಹೇಳದೆ ಮಾತನ್ನು ಮುಗಿಸುವ ಅನುಕೂಲ ಅದರಲ್ಲಿದೆ. ಸದನದ ಪ್ರಶ್ನೆಯ ಕೆಲಸ ಇದಕ್ಕೆ ನೇರ ವಿರುದ್ಧವಾದುದು: ಕಾಣೆಯಾದ ಕರ್ತೃಪದವನ್ನು ಹುಡುಕಿ ವಾಕ್ಯದೊಳಕ್ಕೆ ಕರೆತರುವುದು. ಇಡೀ ಪ್ರಕಾರದ ಸತ್ತ್ವ ಇಷ್ಟರಲ್ಲೇ ಇದೆಯೆಂದು ನನ್ನ ಭಾವನೆ.

ಈ ಪ್ರಕಾರಕ್ಕೆ ಲಕ್ಷಣಗ್ರಂಥವೂ ಉಂಟು. ಲೋಕಸಭೆಯ ನಡವಳಿಕೆಯ ನಿಯಮಗಳಲ್ಲಿ ಪ್ರಶ್ನೆ ಹೇಗಿರಬೇಕೆಂದು ಹೇಳಿದೆ. ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಅದರಲ್ಲಿ ವಾದ ಇರಬಾರದು, ಊಹೆ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು, ಬಿರುದಿನಂಥ ವಿಶೇಷಣಗಳು ಇರಬಾರದು. ಅಭಿಪ್ರಾಯ ಕೇಳಬಾರದು, ‘ಹೀಗಾದರೆ ಏನು ಮಾಡುವಿರಿ’ ಎಂಬ ಕಲ್ಪಿತ ಸಂದರ್ಭವನ್ನು ಒಡ್ಡಬಾರದು. ಅಲಂಕಾರವನ್ನೆಲ್ಲ ಕಳಚಿಟ್ಟು ಬರಿಯ ಸಂಗತಿಯನ್ನು ಹಿಡಿದು ಬಾ ಎಂದು ಇಷ್ಟು ನಿಷ್ಠುರವಾಗಿ ವಿಧಿಸುವ ಕಾವ್ಯಮೀಮಾಂಸೆಯನ್ನು ನಾನು ಕಂಡಿಲ್ಲ. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನೂ ಇಷ್ಟು ಬಿಗಿ ಮಾಡಲಿಲ್ಲ. ಮೊದಲ ನೋಟಕ್ಕೆ ಇದು ಸದಸ್ಯನ ಬಾಯಿ ಕಟ್ಟುವ ಉಪಾಯದಂತೆ ತೋರುತ್ತದೆ. ಆದರೆ ಕಟ್ಟಿನಲ್ಲೇ ಬಲವಿದೆ. ವಿಶೇಷಣವನ್ನು ಅಲ್ಲಗಳೆಯುವುದು ಸುಲಭ. ತಾರೀಖನ್ನು ಅಲ್ಲಗಳೆಯುವುದು ಕಷ್ಟ. ‘ನಿಮ್ಮ ಇಲಾಖೆ ಭ್ರಷ್ಟವಾಗಿದೆ’ ಎಂದರೆ ಮಂತ್ರಿ ನಕ್ಕು ಕೂತುಕೊಳ್ಳಬಹುದು. ‘ಇಂಥ ದಿನ ಇಷ್ಟು ಹಣವನ್ನು ಯಾರ ಅಪ್ಪಣೆಯಿಂದ ಕೊಟ್ಟಿರಿ’ ಎಂದರೆ ಎದ್ದು ನಿಲ್ಲಬೇಕಾಗುತ್ತದೆ.

ಚುಕ್ಕೆ ಗುರುತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ, ಗುರುತಿಲ್ಲದ್ದಕ್ಕೆ ಬರಹದ ಉತ್ತರ. ಮೊದಲನೆಯದರ ಬೆನ್ನಿಗೆ ಉಪಪ್ರಶ್ನೆ ಕೇಳುವ ಹಕ್ಕಿದೆ. ಕಲೆಯೆಲ್ಲ ಇರುವುದು ಅಲ್ಲಿಯೇ. ಮೂಲ ಪ್ರಶ್ನೆಯನ್ನು ಮನೆಯಲ್ಲಿ ಕೂತು ಬರೆಯಬಹುದು, ಅದರ ಉತ್ತರವನ್ನು ಕಚೇರಿಯಲ್ಲಿ ಗುಮಾಸ್ತರು ಸಿದ್ಧಪಡಿಸಬಹುದು. ಉಪಪ್ರಶ್ನೆಗೆ ಇಬ್ಬರೂ ಬರಿಗೈಯಲ್ಲಿ ನಿಲ್ಲಬೇಕು. ಈ ಹಕ್ಕು ಒಮ್ಮೆಗೇ ಬಂದುದಲ್ಲ. ಬ್ರಿಟಿಷರ ಕಾಲದ ಶಾಸನಮಂಡಲಗಳಲ್ಲಿ 1892ರ ಕಾಯಿದೆಯಿಂದ ಪ್ರಶ್ನೆ ಕೇಳಲು ಅವಕಾಶವಾಯಿತು. ಉಪಪ್ರಶ್ನೆಗೆ 1909ರವರೆಗೆ ಕಾಯಬೇಕಾಯಿತು, ಅದೂ ಮೂಲ ಪ್ರಶ್ನೆ ಹಾಕಿದವನಿಗೆ ಮಾತ್ರ. ನಮ್ಮ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರ ದಸರಾ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅದು ದೊಡ್ಡ ಹೆಜ್ಜೆಯೇ. ಆದರೂ ಆರಂಭದ ವರ್ಷಗಳಲ್ಲಿ ಬಂದ ಪ್ರತಿನಿಧಿಗಳು ದಿವಾನರ ಭಾಷಣವನ್ನು ಕೇಳಿ, ತಮ್ಮ ಅಹವಾಲುಗಳನ್ನು ಬಿನ್ನವಿಸಿ ಹೋಗುವವರಾಗಿದ್ದರು. ಕನ್ನಡದಲ್ಲಿ ‘ಕೇಳು’ ಎಂಬುದಕ್ಕೆ ಕಿವಿಗೊಡು ಎಂದೂ ಅರ್ಥ, ಪ್ರಶ್ನಿಸು ಎಂದೂ ಅರ್ಥ. ‘ಕೇಳಿಕೊಳ್ಳು’ ಎಂದರೆ ಬೇಡು. ಭಾಷಣ ಕೇಳುವುದರಿಂದ ಉತ್ತರ ಕೇಳುವುದರವರೆಗೆ, ಕೇಳಿಕೊಳ್ಳುವುದರಿಂದ ಕೇಳುವುದರವರೆಗೆ ನಡೆದು ಬಂದ ದಾರಿಯೇ ನಮ್ಮ ಪ್ರಜಾಪ್ರಭುತ್ವದ ಚರಿತ್ರೆ.

ಹಾಗೆಂದು ಸಭೆಯಲ್ಲಿ ಪ್ರಶ್ನೆ ಕೇಳುವುದು ನಮಗೆ ಪಶ್ಚಿಮದಿಂದ ಬಂದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಭಾರತದ ಸಭಾಪರ್ವವನ್ನು ನೆನೆಯಿರಿ. ಕರೆಯಲು ಬಂದ ಪ್ರಾತಿಕಾಮಿಯ ಕೈಯಲ್ಲಿ ದ್ರೌಪದಿ ಅಳಲನ್ನು ಹೇಳಿ ಕಳುಹಿಸಲಿಲ್ಲ, ಪ್ರಶ್ನೆಯನ್ನು ಕಳುಹಿಸಿದಳು: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಅದರಲ್ಲಿ ವಿಶೇಷಣವಿಲ್ಲ, ವ್ಯಂಗ್ಯವಿಲ್ಲ, ಸಂಗತಿಯೊಂದೇ ಇದೆ. ಪಣ ಒಡ್ಡಿದ ಕರ್ತೃ ಯಾರು, ಒಡ್ಡುವ ಅಧಿಕಾರ ಅವನಿಗಿತ್ತೇ ಎಂಬುದೇ ಅದರ ಒಳಗಿನ ಮಾತು. ಭೀಷ್ಮರು ಧರ್ಮದ ಗತಿ ಸೂಕ್ಷ್ಮವಾದುದು, ಬಿಡಿಸಿ ಹೇಳಲಾರೆ ಎಂದರು. ‘ಪರಿಶೀಲಿಸಲಾಗುತ್ತಿದೆ’ ಎಂಬುದರ ಗೌರವಾನ್ವಿತ ಪೂರ್ವಜ ಈ ಉತ್ತರವೇ ಇರಬೇಕು. ಕೊನೆಗೆ ಪ್ರಶ್ನೆಯನ್ನು ಎತ್ತಿ ಹಿಡಿದವನು ಎದುರು ಪಕ್ಷದವನಲ್ಲ, ಕೌರವರಲ್ಲೇ ಒಬ್ಬನಾದ ವಿಕರ್ಣ. ಕರ್ಣ ಅವನನ್ನು ಹುಡುಗನೆಂದು ಗದರಿ ಕೂರಿಸಿದ.

ವಿಕರ್ಣನ ಮಾತು ಬಂದಾಗಲೆಲ್ಲ ನನಗೆ 1957ರ ಲೋಕಸಭೆ ನೆನಪಾಗುತ್ತದೆ. ಜೀವವಿಮೆಯನ್ನು ರಾಷ್ಟ್ರೀಕರಣ ಮಾಡಿ, 1956ರ ಸೆಪ್ಟೆಂಬರಿನಲ್ಲಿ ನಿಗಮ ಸ್ಥಾಪಿಸಿ, ಇನ್ನೂ ವರ್ಷ ತುಂಬಿರಲಿಲ್ಲ. 1957ರ ಜೂನಿನಲ್ಲಿ ಆ ನಿಗಮ ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಹಣ ತೊಡಗಿಸುವ ಮುನ್ನ ಸಲಹೆ ಕೊಡಬೇಕಾದ ಸಮಿತಿಯನ್ನು ಕೇಳಲಿಲ್ಲ. ಈ ಬಗ್ಗೆ ಸದನದಲ್ಲಿ ಪ್ರಶ್ನೆಗಳು ಬಂದವು. ಸರ್ಕಾರದ ಮೊದಲ ಉತ್ತರಗಳು ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳದ ಎಚ್ಚರಿಕೆಯವು. ಡಿಸೆಂಬರ್ 16ರಂದು ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ ಎದ್ದು ನಿಂತರು. ಅವರು ಆಳುವ ಪಕ್ಷದವರು. ಪ್ರಧಾನಿ ನೆಹರೂ ಅವರ ಅಳಿಯ. ಎದುರಿಗಿದ್ದವರು ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿ, ನೆಹರೂ ಅವರ ನೆಚ್ಚಿನ ಸಹೋದ್ಯೋಗಿ.

ಆ ದಿನದ ಮಾತುಗಳನ್ನು ನಾನು ಇಂಗ್ಲಿಷಿನಲ್ಲಿ ಓದಿದ್ದೇನೆ. ಅಲ್ಲಿ ಹಾಸ್ಯವಿದೆ, ಚುಚ್ಚುಮಾತೂ ಇದೆ. ಚರ್ಚೆಯ ಭಾಷಣಕ್ಕೆ ಪ್ರಶ್ನೆಯಷ್ಟು ಕಟ್ಟುಪಾಡಿಲ್ಲ. ಆದರೆ ಕೆಲಸ ಮಾಡಿದ್ದು ಹಾಸ್ಯವಲ್ಲ. ಯಾವ ಕಂಪನಿ, ಯಾವ ದಿನ, ಯಾವ ಬೆಲೆ, ಯಾರ ಒಪ್ಪಿಗೆ ಎಂದು ಒಂದೊಂದೇ ಕಲ್ಲನ್ನು ಇಟ್ಟುಕೊಂಡು ಹೋಗುವ ಆ ಕಟ್ಟಡ. ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿತ್ತು: ಕೊಳ್ಳಿರಿ ಎಂದವರು ಯಾರು? ನಿಗಮ ಕೊಂಡಿತು ಎಂದರೆ ಸಾಲದು, ನಿಗಮಕ್ಕೆ ಬಾಯಿಯಿಲ್ಲ. ಸರ್ಕಾರ ವಿಚಾರಣೆಗೆ ಒಪ್ಪಬೇಕಾಯಿತು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರನ್ನು 1958ರ ಜನವರಿಯಲ್ಲಿ ನೇಮಿಸಿದರು. ಅವರು ಬಹಿರಂಗವಾಗಿ ಸಾಕ್ಷ್ಯ ಕೇಳಿ ಫೆಬ್ರವರಿಯಲ್ಲೇ ವರದಿ ಕೊಟ್ಟರು. ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ, ತನಗೆ ತಿಳಿಯದೆಂದು ಅವನು ಜಾರಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಸದನಕ್ಕೆ ಎಲ್ಲ ಸಂಗತಿಗಳನ್ನೂ ಮೊದಲೇ ತಿಳಿಸಿಬಿಡಬೇಕು, ಬೇರೆ ಕಡೆಯಿಂದ ಅದು ಹೊರಬಿದ್ದರೆ ಸರ್ಕಾರಕ್ಕೇ ಮುಜುಗರ ಎಂದೂ ಅವರು ಬರೆದರು. ಕೃಷ್ಣಮಾಚಾರಿ ಅದೇ ತಿಂಗಳು ರಾಜೀನಾಮೆ ಕೊಟ್ಟರು. ವಾಕ್ಯಕ್ಕೆ ಕೊನೆಗೂ ಕರ್ತೃ ಸಿಕ್ಕಿದ. ಆತ ವೈಯಕ್ತಿಕವಾಗಿ ಎಷ್ಟು ತಪ್ಪಿತಸ್ಥನೆಂಬ ವಾದ ಆಮೇಲೂ ನಡೆಯಿತು. ಹೊಣೆ ಯಾರದೆಂಬ ವಾದ ಮಾತ್ರ ಉಳಿಯಲಿಲ್ಲ.

ಫಿರೋಜ್ ಗಾಂಧಿ ಮಾಡಿದ ಇನ್ನೊಂದು ಕೆಲಸವನ್ನು ಪತ್ರಿಕೆಯ ಓದುಗರು ಮರೆಯಬಾರದು. ಸದನದಲ್ಲಿ ಆಡಿದ ಮಾತಿಗೆ ಸದಸ್ಯನಿಗೆ ರಕ್ಷಣೆಯಿತ್ತು. ಅದನ್ನು ಇದ್ದಂತೆ ಅಚ್ಚು ಹಾಕಿದ ಪತ್ರಿಕೆಗೆ ಅಂಥ ಭದ್ರವಾದ ರಕ್ಷಣೆ ಇರಲಿಲ್ಲ. ಅವರು ಖಾಸಗಿ ಸದಸ್ಯರಾಗಿ ತಂದ ಮಸೂದೆ 1956ರಲ್ಲಿ ಕಾಯಿದೆಯಾಗಿ ಆ ರಕ್ಷಣೆಯನ್ನು ಕೊಟ್ಟಿತು. ಪ್ರಶ್ನೆಗೆ ಓದುಗ ಬೇಕು ಎಂಬುದನ್ನು ಅವರು ಅರಿತಿದ್ದರು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅವರ ಪತ್ನಿಯ ಸರ್ಕಾರವೇ ಆ ಕಾಯಿದೆಯನ್ನು ತೆಗೆದುಹಾಕಿತು. 1977ರಲ್ಲಿ ಅದು ಮರಳಿ ಬಂತು. ಆ ದಿನಗಳಲ್ಲಿ ಪ್ರಶ್ನೋತ್ತರ ವೇಳೆಯನ್ನೂ ನಿಲ್ಲಿಸಿದ್ದರು. 2020ರ ಸೆಪ್ಟೆಂಬರಿನ ಅಧಿವೇಶನದಲ್ಲೂ, ಸಾಂಕ್ರಾಮಿಕ ರೋಗದ ಕಾರಣಕ್ಕೆ, ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆ ಇರಲಿಲ್ಲ; ಬರಹದ ಉತ್ತರಗಳಷ್ಟೇ ಬಂದವು. ಕಾರಣಗಳು ಬೇರೆ ಬೇರೆ, ಒಂದನ್ನೊಂದಕ್ಕೆ ಸಮ ಮಾಡಲಾರೆ. ಆದರೆ ಸಂಕಟ ಬಂದಾಗ ಆಳುವವರಿಗೆ ಮೊದಲು ಹೊರೆಯೆನಿಸುವುದು ಪ್ರಶ್ನೆಯೇ ಎಂಬುದನ್ನು ಗಮನಿಸದಿರಲಾರೆ.

ದೋಷ ಮಂತ್ರಿಗಳ ಕಡೆಗೆ ಮಾತ್ರ ಇದೆಯೆಂದರೆ ವಿಮರ್ಶೆ ಒಕ್ಕಣ್ಣಿನದಾಗುತ್ತದೆ. ಗಣರಾಜ್ಯದ ಎರಡನೆಯ ವರ್ಷದಲ್ಲೇ, 1951ರಲ್ಲಿ, ಎಚ್. ಜಿ. ಮುದ್ಗಲ್ ಎಂಬ ಸದಸ್ಯರು ವರ್ತಕರ ಸಂಘದಿಂದ ಹಣ ಪಡೆದು ಅವರ ಪರವಾಗಿ ಪ್ರಶ್ನೆ ಹಾಕಿದ್ದು ಬಯಲಾಗಿ ಸ್ಥಾನ ಬಿಡಬೇಕಾಯಿತು. 2005ರಲ್ಲಿ ಹಣಕ್ಕಾಗಿ ಪ್ರಶ್ನೆ ಕೇಳಲು ಒಪ್ಪಿದ 11 ಮಂದಿ ಸಂಸದರನ್ನು ಉಚ್ಚಾಟಿಸಿದರು. ಪ್ರಶ್ನೆಗೆ ಬೆಲೆ ಬರುವುದು ಅದರ ಹಿಂದೆ ಯಾರ ನೋವಿದೆ ಎಂಬುದರಿಂದ. ಆ ನೋವಿನ ಜಾಗದಲ್ಲಿ ಹಣ ಕುಳಿತರೆ ನಿಯಮವನ್ನು ಅಕ್ಷರಶಃ ಪಾಲಿಸಿದ ಪ್ರಶ್ನೆಯೂ ಹೆಣವಾಗುತ್ತದೆ. ಇನ್ನೊಂದು ದೋಷ ಅಷ್ಟು ಘೋರವಲ್ಲ, ಆದರೆ ದಿನನಿತ್ಯದ್ದು. ಉಪಪ್ರಶ್ನೆ ಕೇಳಲೆಂದು ಎದ್ದವರು ಭಾಷಣ ಮಾಡಿ ಕೂರುತ್ತಾರೆ. ಎರಡು ನಿಮಿಷ ಗುಡುಗಿದ ಮೇಲೆ ಮಂತ್ರಿಗೆ ಉತ್ತರಿಸಬೇಕಾದದ್ದು ಏನೂ ಉಳಿದಿರುವುದಿಲ್ಲ. ಗುಡುಗು ಕೇಳಿದ ಊರಿನವರು ಚಪ್ಪಾಳೆ ತಟ್ಟುತ್ತಾರೆ. ಅತ್ತ ಕಡತ ಹಾಯಾಗಿ ನಿದ್ರೆ ಹೋಗುತ್ತದೆ.

ಒಳ್ಳೆಯ ಉತ್ತರಗಳೂ ಇವೆಯೆಂದು ಹೇಳಬೇಕು. ಕೆಲವು ಉತ್ತರಗಳ ಕೊನೆಗೆ ‘ವಿವರಗಳನ್ನು ಅನುಬಂಧದಲ್ಲಿ ನೀಡಿದೆ’ ಎಂದಿರುತ್ತದೆ. ಆ ಅನುಬಂಧದಲ್ಲಿ ಶಾಲೆಗಳ ಪಟ್ಟಿ, ಖಾಲಿ ಹುದ್ದೆಗಳ ಪಟ್ಟಿ, ತಾಲ್ಲೂಕುವಾರು ಲೆಕ್ಕ ಸಾಲಾಗಿ ನಿಂತಿರುತ್ತವೆ. ಯಾರೋ ಗುಮಾಸ್ತರು ರಾತ್ರಿ ಕೂತು ಒಟ್ಟುಗೂಡಿಸಿದ ಅಂಥ ಪಟ್ಟಿಯಲ್ಲಿ ಎಷ್ಟೋ ಸಾಮಾಜಿಕ ಕಾದಂಬರಿಗಳಲ್ಲಿ ಇಲ್ಲದ ನಾಡಿನ ಚಿತ್ರವನ್ನು ನಾನು ಕಂಡಿದ್ದೇನೆ. ನಮ್ಮೂರಿನ ಹಳ್ಳಕ್ಕೂ ಆಮೇಲೆ ಸೇತುವೆಯಾಯಿತು. ಆ ಪ್ರಶ್ನೆಯಿಂದಲೇ ಆಯಿತೆಂದು ಹೇಳಲಾರೆ. ಆದರೆ ಶಾಸಕರು ಅದನ್ನು ಮತ್ತೆ ಕೇಳಿದರು, ಮೂರನೆಯ ಸಲವೂ ಕೇಳಿದರು. ತಂದೆಯವರು ಮೂರು ಉತ್ತರಗಳನ್ನೂ ಪಂಚಾಂಗದ ಜೊತೆ ಕಟ್ಟಿಟ್ಟಿದ್ದರು.

ಇಷ್ಟೆಲ್ಲ ಬರೆಯುವಾಗ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಹೋದ ವರ್ಷ ಸಭಾಪರ್ವದ ಪಾಠ ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಹಾಗಾದರೆ ದ್ರೌಪದಿಯ ಪ್ರಶ್ನೆಗೆ ಉತ್ತರ ಏನು?” ಎಂದಳು. ಗಂಟೆ ಬಾರಿಸುವ ಹೊತ್ತು. ನಾನು, “ಅದನ್ನು ಪರೀಕ್ಷೆಯಲ್ಲಿ ಕೇಳಲಾಗುವುದಿಲ್ಲ, ಕೂತುಕೊಳ್ಳಮ್ಮ” ಎಂದುಬಿಟ್ಟೆ. ಮನೆಗೆ ಬರುವ ದಾರಿಯಲ್ಲಿ ನನ್ನ ವಾಕ್ಯ ನನಗೇ ಕೇಳಿಸಿತು. ಉತ್ತರ ಬರೆಯುವುದನ್ನು ಮಾತ್ರ ನಾವು ಹದಿನೈದು ವರ್ಷ ಕಲಿಸುತ್ತೇವೆ. ಪ್ರಶ್ನೆ ಕೇಳುವುದನ್ನು ಒಂದು ದಿನವೂ ಕಲಿಸುವುದಿಲ್ಲ. ಸದನದಲ್ಲಿ ಕೂರುವ ಸದಸ್ಯರೂ ಮಂತ್ರಿಗಳೂ ಬಂದದ್ದು ನಮ್ಮ ಈ ತರಗತಿಗಳಿಂದಲೇ.

ಮರುದಿನ ತರಗತಿಗೆ ಹೋಗಿ, ಆ ಪ್ರಶ್ನೆಯ ಬಗ್ಗೆ ನಾನು ಯೋಚಿಸಿರಲಿಲ್ಲವೆಂದು ಹೇಳಿದೆ. ಆಮೇಲೆ ಪುಸ್ತಕ ತೆರೆದು ಸಭಾಪರ್ವವನ್ನು ಮತ್ತೆ ಮೊದಲಿನಿಂದ ಓದಿದೆವು.