ಪ್ರಶ್ನಾವಳಿಯ ಕೊನೆಯ ಅನುವಾದಕ: ಹೊಸಪೇಟೆ–ಸಂಡೂರು–ಕಂಪ್ಲಿ ಪರಿಸರದಿಂದ ಒಂದು ಆಕ್ಷೇಪ

ಸಮೀಕ್ಷಾ ಪ್ರಶ್ನಾವಳಿಯ ಅನುವಾದವನ್ನು ಪರೀಕ್ಷಿಸಲು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಪ್ರತಿಪಾದಿಸಿದ ಮರು ಅನುವಾದ ವಿಧಾನವನ್ನು ಇಂದಿಗೂ ಅನೇಕರು ನೆಚ್ಚಿಕೊಂಡಿದ್ದಾರೆ. ಒಬ್ಬರು ಇಂಗ್ಲಿಷಿನಿಂದ ಕನ್ನಡಿಸುತ್ತಾರೆ. ಮೂಲವನ್ನು ಕಾಣದ ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷ್ ಪಠ್ಯಗಳು ಹೊಂದಿಕೊಂಡರೆ ಅನುವಾದ ಸರಿಯೆಂದು ತೀರ್ಮಾನ. ಈ ಪರಿಶೀಲನೆ ಕಾಗದದಲ್ಲೇ ಮುಗಿದುಹೋಗುತ್ತದೆ ಎಂಬುದು ನಮ್ಮ ಆಕ್ಷೇಪ.

'ಎಂಪ್ಲಾಯ್‌ಮೆಂಟ್' ಎಂಬುದನ್ನು 'ಉದ್ಯೋಗ'ವೆಂದು ಕನ್ನಡಿಸಿದರೆ ಮರು ಅನುವಾದದಲ್ಲಿ ಅದೇ ಇಂಗ್ಲಿಷ್ ಪದ ಮರಳಿ ಬರುತ್ತದೆ. ಆದರೆ ಕಂಪ್ಲಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಗಳನ್ನು "ಉದ್ಯೋಗ ಮಾಡುತ್ತೀರಾ?" ಎಂದು ಕೇಳಿದರೆ, "ಇಲ್ರೀ, ಕೂಲಿಗೆ ಹೋಗ್ತೀನಿ" ಎಂದರೆ ಅಚ್ಚರಿಯಿಲ್ಲ. ಉದ್ಯೋಗವೆಂದರೆ ಸಂಬಳದ ನೌಕರಿ. ಉದ್ಯೋಗ ಖಾತ್ರಿ ಯೋಜನೆಯೂ ಜನರ ಬಾಯಲ್ಲಿ 'ಖಾತ್ರಿ ಕೆಲಸ'ವಾಗಿರುವುದನ್ನು ಇಲ್ಲಿ ನೆನೆಯಬಹುದು. ಪ್ರಶ್ನಕಾರರು 'ಇಲ್ರೀ' ಎಂಬಲ್ಲಿಗೇ ನಿಂತರೆ ಆಕೆಯ ಕೂಲಿ ಲೆಕ್ಕಕ್ಕೇ ಬರುವುದಿಲ್ಲ.

ಸಂಡೂರಿನ ತಾಂಡಾಗಳಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಆದರೂ ಕಸೂತಿ ಮಾಡುವಾಕೆ ತನ್ನ ಕೆಲಸವನ್ನು 'ಮನೆಯಲ್ಲೇ ಹೊಲಿಯುವುದು' ಎನ್ನಬಹುದು. 2017ರಲ್ಲಿ ಆರಂಭವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಸಂಕೇತಗಳಲ್ಲಿ ಮಾರಾಟಕ್ಕಾಗಿ ಸ್ವಂತ ದುಡಿಮೆ 11; ಕೇವಲ ಮನೆಗೆಲಸ 92; ಮನೆಗೆಲಸದ ಜೊತೆಗೆ ಮನೆಬಳಕೆಯ ಹೊಲಿಗೆ 93. ಮೊದಲನೆಯದು ಶ್ರಮಿಕಳ ಸಂಕೇತ. ಉಳಿದೆರಡು ಆಕೆಯನ್ನು ಶ್ರಮಶಕ್ತಿಯಿಂದಲೇ ಹೊರಗಿಡುತ್ತವೆ. ಆಕೆಯ ಒಂದೇ ವಾಕ್ಯ ಈ ಮೂರರಲ್ಲಿ ಯಾವುದಕ್ಕಾದರೂ ಸಲ್ಲಬಹುದು. ಲಂಬಾಣಿಗೆ ಸ್ವಂತ ಲಿಪಿಯಿಲ್ಲ. 2011ರ ಜನಗಣತಿ ಅದನ್ನು ಹಿಂದಿಯ ಅಡಿಯಲ್ಲಿ ಸೇರಿಸಿದೆ. ಹೀಗಿರುವಾಗ ಕನ್ನಡ ಪ್ರಶ್ನೆಯನ್ನು ಆಕೆಗೆ ತಲುಪಿಸುವವರು ಸ್ಥಳೀಯ ಪ್ರಶ್ನಕಾರರು, ಇಲ್ಲವೇ ಶಾಲೆಗೆ ಹೋಗುವ ಮಗಳು. ಈ ಕೊನೆಯ ಅನುವಾದವೇ ಉತ್ತರವನ್ನು ನಿರ್ಧರಿಸುತ್ತದೆ, ದಾಖಲಾಗದೆ ಉಳಿಯುವುದೂ ಅದೇ.

ಉತ್ತರದ ಮಾಪನವೂ ಇಷ್ಟೇ ಜಾರುವಂಥದು. ಹೊಸಪೇಟೆಯ ಆಸ್ಪತ್ರೆಯ ಸೇವೆ ಹೇಗಿದೆಯೆಂದು ಐದು ಹಂತದ ಮಾಪಕದಲ್ಲಿ ಕೇಳಿದಾಗ "ಅಡ್ಡಿಯಿಲ್ಲ" ಎಂದರೆ ಎಲ್ಲಿ ಗುರುತು ಹಾಕಬೇಕು? ಪದಾರ್ಥ ನೋಡಿದರೆ ನಡುವಿನ ಹಂತ. ಈ ಸೀಮೆಯಲ್ಲಿ ಅದು ದನಿಯನ್ನವಲಂಬಿಸಿ ಮೆಚ್ಚುಗೆಯೂ ಆಗಬಹುದು, ಸೌಜನ್ಯದಿಂದ ಮುಚ್ಚಿಟ್ಟ ದೂರೂ ಆಗಬಹುದು.

ಪ್ರಶ್ನೆಯನ್ನು ಬರೆದಂತೆಯೇ ಓದಬೇಕು, ಇಲ್ಲದಿದ್ದರೆ ತೌಲನಿಕತೆ ಕೆಡುತ್ತದೆ ಎಂಬ ಪ್ರತಿವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಓದಿದ ಪ್ರಶ್ನೆ ಅರ್ಥವಾಗದಿದ್ದಾಗ ಯಾವ ಪ್ರಶ್ನಕಾರರೂ ಸುಮ್ಮನಿರುವುದಿಲ್ಲ. ತಮಗೆ ತೋಚಿದಂತೆ ಬಿಡಿಸಿ ಹೇಳುತ್ತಾರೆ. ಜಾನೆಟ್ ಹಾರ್ಕ್‌ನೆಸ್ ರೂಪಿಸಿದ, ಯುರೋಪಿಯನ್ ಸೋಷಿಯಲ್ ಸರ್ವೇ ಅನುಸರಿಸುವ ತಂಡಾಧಾರಿತ ಅನುವಾದ ಕ್ರಮದಲ್ಲಿ ದಾಖಲೀಕರಣವೂ ಒಂದು ಘಟ್ಟ. ಅದನ್ನು ಪ್ರಶ್ನಕಾರರ ಬಾಯಿಮಾತಿನವರೆಗೆ ವಿಸ್ತರಿಸಬೇಕೆಂಬುದು ನಮ್ಮ ಸಲಹೆ: ಪೂರ್ವಪರೀಕ್ಷೆಯಲ್ಲಿ ಅವರು ಬಳಸಿದ ಮಾತುಗಳನ್ನು ಧ್ವನಿಮುದ್ರಿಸಿ, 'ಉದ್ಯೋಗ'ದ ಕೆಳಗೆ ಕೂಲಿ, ನಾಟಿ, ಕಸೂತಿ, ಖಾತ್ರಿ ಕೆಲಸ ಎಂದು ಅಚ್ಚಿಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೇಳುವುದು.